ಗಿಡ ಕೊನೆಗೆ ತನ್ನಿ: ಹತ್ತಡಿ ಹಿತ್ತಲಲ್ಲಿ ಪರ್ಮಾಕಲ್ಚರ್ ಕೈತೋಟ ಕಟ್ಟುವ ಕ್ರಮ

ಕೈತೋಟ ಮಾಡಿ ಕೈಸೋತವರು ಹೇಳುವ ಕತೆ ಹೆಚ್ಚುಕಡಿಮೆ ಒಂದೇ. ಭಾನುವಾರ ನರ್ಸರಿಗೆ ಹೋದೆವು, ಡಿಕ್ಕಿ ತುಂಬ ಗಿಡ ತಂದೆವು, ಕತ್ತಲಾಗುವುದರೊಳಗೆ ನೆಟ್ಟೆವು. ಮೊದಲ ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಟೊಮೆಟೊ ಬರೀ ಉದ್ದ ಬೆಳೆಯಿತು, ನಿಂಬೆ ಹಳದಿಯಾಯಿತು, ಪಪ್ಪಾಯಿ ಬುಡ ಕೊಳೆಯಿತು. ಆರು ತಿಂಗಳಿಗೆ ಉಳಿದದ್ದು ಲೋಳೆಸರ ಒಂದೇ.

ಇದರಲ್ಲಿ ಕೈಗುಣದ ಮಾತೇನೂ ಇಲ್ಲ. ಕೆಲಸದ ಕ್ರಮ ತಿರುಗಾಮುರುಗಾ ಆಗಿದೆ, ಅಷ್ಟೆ. ಮೊದಲು ಬಿಸಿಲು, ಆಮೇಲೆ ಮಣ್ಣು, ಆಮೇಲೆ ನೀರು, ಅದಾದ ಮೇಲೆ ಅಳತೆ. ಗಿಡ ಬರುವುದು ಇದೆಲ್ಲ ಮುಗಿದ ಮೇಲೆ. ಹೆಸರು ಪರ್ಮಾಕಲ್ಚರ್ ಅಂತ ದೊಡ್ಡದಾಗಿದ್ದರೂ ಸಣ್ಣ ಜಾಗದಲ್ಲಿ ಅದರ ತಿರುಳು ಇದೇ: ಜಾಗ ಏನು ಕೊಡುತ್ತದೆ ಅಂತ ನೋಡಿ, ಅದಕ್ಕೆ ತಕ್ಕ ಗಿಡ ಇಡುವುದು.

ಉದಾಹರಣೆಗೆ ನಮ್ಮ ಮನೆಯ ಹಿತ್ತಲನ್ನೇ ತೆಗೆದುಕೊಳ್ಳುತ್ತೇನೆ. ಬೆಂಗಳೂರು, ದಕ್ಷಿಣಕ್ಕೆ ಬಾಗಿಲಿರುವ ಎರಡಂತಸ್ತಿನ ಮನೆ, ಎತ್ತರ ಸುಮಾರು 22 ಅಡಿ. ಹಿಂದೆ ಉತ್ತರದಲ್ಲಿ 15 ಅಡಿ ಉದ್ದ, 10 ಅಡಿ ಅಗಲದ ಜಾಗ, ಅದರಾಚೆ ಕಾಂಪೌಂಡ್ ಗೋಡೆ. ನಿಮ್ಮ ಜಾಗದ ದಿಕ್ಕು, ಅಳತೆ ಬೇರೆ ಇರಬಹುದು. ಹಂತಗಳು ಬದಲಾಗುವುದಿಲ್ಲ.

ಮೊದಲು ಹೊಂದಿಸಿಕೊಳ್ಳಬೇಕಾದ್ದು

ಹಾರೆ, ಗುದ್ದಲಿ, ಸಲಿಕೆ, ಎರಡು ಬಾಂಡ್ಲಿ, ಒಂದು ಕುಡುಗೋಲು, ಗಿಡ ಕತ್ತರಿಸುವ ಕತ್ತರಿ. ಅಳೆಯಲು ಟೇಪು, ಸುಣ್ಣದ ಪುಡಿ, ದಾರ, ನಾಲ್ಕು ಗೂಟ. ಮಣ್ಣು ನೋಡಲು ಮುಚ್ಚಳವಿರುವ ಗಾಜಿನ ಬಾಟಲಿ, ಸ್ವಲ್ಪ ವಿನೆಗರ್. ಮಳೆನೀರಿಗೆ ಮುಚ್ಚಳವಿರುವ 200 ಲೀಟರಿನ ನೀಲಿ ಡ್ರಮ್ಮು, ಸೊಳ್ಳೆ ಪರದೆಯ ತುಂಡು. ಹೆಗ್ಗಣದ ಕಾಟ ಇರುವ ಕಡೆ ಅರ್ಧ ಇಂಚು ಕಣ್ಣಿನ ತಂತಿ ಜಾಲರಿ. ಇದಿಷ್ಟು ಸಾಕು. ಕೈತೋಟದ ಕಿಟ್ ಅಂತ ಮಾರುವ ಪುಟ್ಟ ಸಲಿಕೆಗಳು ಕುಂಡಕ್ಕೆ ಸರಿ, ಕಟ್ಟಡ ಕಟ್ಟಿದ ನೆಲಕ್ಕೆ ಬಾಗಿಹೋಗುತ್ತವೆ.

ಹಂತ 1: ನೆರಳು ಅಳೆಯಿರಿ

ಜಾಸ್ತಿ ಜನ ಎಡವುವುದು ಇಲ್ಲಿ. ಮೇ ತಿಂಗಳಲ್ಲಿ ಹಿತ್ತಲು ನೋಡಿ 'ಒಳ್ಳೇ ಬಿಸಿಲಿದೆ' ಅಂದುಕೊಳ್ಳುತ್ತಾರೆ. ಅದೇ ಜಾಗ ಡಿಸೆಂಬರಿನಲ್ಲಿ ಪೂರ್ತಿ ನೆರಳು.

ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಶೂನ್ಯ ನೆರಳಿನ ದಿನ ಬರುತ್ತದೆ. ಅವತ್ತು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಇರುತ್ತಾನೆ, ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಆಗ ಮನೆಯ ಉತ್ತರದ ಹಿತ್ತಲಿಗೂ ಬಿಸಿಲು ಬೀಳುತ್ತದೆ. ಉಳಿದ ಎಂಟು ತಿಂಗಳು ಅವನು ದಕ್ಷಿಣದಲ್ಲಿ. ಡಿಸೆಂಬರ್ 21ರ ಆಸುಪಾಸಿನಲ್ಲಿ 10 ಅಡಿ ಎತ್ತರದ ಗೋಡೆಯ ಮಧ್ಯಾಹ್ನದ ನೆರಳು ಉತ್ತರಕ್ಕೆ ಸುಮಾರು ಏಳೂವರೆ ಅಡಿ ಚಾಚುತ್ತದೆ. ನಮ್ಮ 22 ಅಡಿ ಮನೆಗೆ ಲೆಕ್ಕ ಹಾಕಿದರೆ 16 ಅಡಿ. ಅಂದರೆ 10 ಅಡಿ ಹಿತ್ತಲು ಪೂರ್ತಿ ನುಂಗಿ ಪಕ್ಕದವರ ಜಾಗಕ್ಕೂ ಹೋಗುತ್ತದೆ.

ಈ ಲೆಕ್ಕ ಗೊತ್ತಿಲ್ಲದೆ ನಾನು ಒಂದು ವರ್ಷ ನವೆಂಬರಿನಲ್ಲಿ 18 ಟೊಮೆಟೊ ಸಸಿ ನೆಟ್ಟೆ. ಕಾಂಡ ಪೆನ್ಸಿಲಿನಷ್ಟು ತೆಳ್ಳಗೆ, ಎತ್ತರ ನನ್ನ ಭುಜದವರೆಗೆ. ಸಿಕ್ಕಿದ್ದು ಏಳು ಕಾಯಿ. ಗೊಬ್ಬರ ಸಾಲದು ಅಂತ ಕಡಲೆಕಾಯಿ ಹಿಂಡಿ ಬೇರೆ ಸುರಿದಿದ್ದೆ, ಅದರಿಂದ ಇನ್ನಷ್ಟು ಎಲೆ ಬಂತು.

ಮಾಡಬೇಕಾದ್ದು ಇಷ್ಟು. ರಜೆಯ ಒಂದು ದಿನ ಬೆಳಗ್ಗೆ 8, 10, 12, 2, 4 ಗಂಟೆಗೆ ನೆರಳಿನ ಅಂಚಿಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಫೋಟೋ ತೆಗೆದಿಡಿ. ಡಿಸೆಂಬರಿನಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ, ಜೂನ್ ಹೊತ್ತಿಗೆ ಇನ್ನೊಮ್ಮೆ. ಅಷ್ಟು ಕಾಯಲಾಗದಿದ್ದರೆ ಮೇಲಿನ ಲೆಕ್ಕ ಹಿಡಿಯಿರಿ: ಡಿಸೆಂಬರಿನ ಮಧ್ಯಾಹ್ನದ ನೆರಳು ಎತ್ತರದ ಮುಕ್ಕಾಲು ಭಾಗ, ಮಾರ್ಚ್ ಕೊನೆಗೆ ಕಾಲು ಭಾಗಕ್ಕಿಂತ ಕಡಿಮೆ.

ದಿನಕ್ಕೆ 6 ಗಂಟೆಗಿಂತ ಜಾಸ್ತಿ ನೇರ ಬಿಸಿಲಿದ್ದರೆ ಕಾಯಿ ಬಿಡುವ ಗಿಡ: ಬದನೆ, ಬೆಂಡೆ, ಟೊಮೆಟೊ, ಮೆಣಸಿನಕಾಯಿ. 3ರಿಂದ 4 ಗಂಟೆ ಇದ್ದರೆ ಸೊಪ್ಪು, ಅರಿಶಿನ, ಶುಂಠಿ, ಕೆಸು. ಎರಡಕ್ಕಿಂತ ಕಡಿಮೆ ಇದ್ದರೆ ಅಲ್ಲಿ ಕಾಂಪೋಸ್ಟ್ ಡಬ್ಬ ಇಡಿ, ಗಿಡದ ಆಸೆ ಬಿಡಿ.

ಹಂತ 2: ಮಣ್ಣಿಗೆ ಮೂರು ಪರೀಕ್ಷೆ

ಮನೆಯ ಸುತ್ತ ಕಾಣುವುದು ಮಣ್ಣಲ್ಲ, ಮುಕ್ಕಾಲುಪಾಲು ಕಟ್ಟಡದ ಕಸ. ಗಾರೆ, ಇಟ್ಟಿಗೆ ಚೂರು, ಟೈಲ್ಸ್, ಪೈಂಟ್ ಡಬ್ಬದ ಮುಚ್ಚಳ. ಮೇಲೆ ನಾಲ್ಕು ಇಂಚು ಕೆಂಪು ಮಣ್ಣು ಹರಡಿ ಹೋಗಿರುತ್ತಾರೆ.

ಮೊದಲನೆಯದು ವಿನೆಗರ್ ಪರೀಕ್ಷೆ. ಒಂದಡಿ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅದರ ಮೇಲೆ ವಿನೆಗರ್ ಹಾಕಿ. ಬುಸಬುಸ ನೊರೆ ಬಂದರೆ ಸುಣ್ಣ, ಸಿಮೆಂಟಿನ ಅಂಶ ಜಾಸ್ತಿ. ಇಂಥ ಮಣ್ಣಿನಲ್ಲಿ ಕಬ್ಬಿಣಾಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ನಿಂಬೆ ಗಿಡ ಇದನ್ನು ಮೊದಲು ತೋರಿಸುತ್ತದೆ. ನೊರೆ ಬಂದ ಕಡೆ ಒಂದಡಿ ಅಗೆದು, ಜರಡಿ ಹಿಡಿದು, ಗಾರೆ ಚೂರು ಹೊರಗೆ ಹಾಕುವುದೇ ದಾರಿ. ಬೆನ್ನು ನೋಯುವ ಕೆಲಸ. ಆದರೆ ಆಮೇಲೆ ಯಾವ ಗೊಬ್ಬರವೂ ಇದನ್ನು ಸರಿಮಾಡುವುದಿಲ್ಲ.

ಎರಡನೆಯದು ಬಾಟಲಿ. ಮೂರನೇ ಒಂದು ಭಾಗ ಮಣ್ಣು ಹಾಕಿ, ಉಳಿದದ್ದು ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು, ಅದರ ಮೇಲೆ ಗೋಡು (ಮರಳಿಗಿಂತ ನುಣ್ಣಗಿನ ಮಣ್ಣು), ಎಲ್ಲಕ್ಕಿಂತ ಮೇಲೆ ನಿಧಾನಕ್ಕೆ ಕೂರುವ ನುಣ್ಣನೆ ಪದರ ಜೇಡಿ. ಜೇಡಿ ಅರ್ಧಕ್ಕಿಂತ ಜಾಸ್ತಿ ಇದ್ದರೆ ಮಡಿ, ಅಂದರೆ ಗಿಡ ನೆಡುವ ಪಾತಿ, ಎತ್ತರಿಸಲೇಬೇಕು. ಮರಳು ಸುರಿದು ಸಡಿಲ ಮಾಡೋಣ ಅಂತ ಹೋಗಬೇಡಿ. ಸ್ವಲ್ಪ ಮರಳು ಜೇಡಿಯ ಜೊತೆ ಸೇರಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಜೇಡಿಗೆ ಮದ್ದು ಎಲೆ, ಗೊಬ್ಬರ.

ಮೂರನೆಯದು ಗುಂಡಿ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ, ಈ ಎರಡನೇ ಸಲ ಹೊತ್ತು ನೋಡಿ. ಗಂಟೆಗೆ ಒಂದರಿಂದ ನಾಲ್ಕು ಇಂಚು ಇಳಿದರೆ ಸರಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಪಪ್ಪಾಯಿ ನೆಡಲೇಬೇಡಿ. ಬುಡದಲ್ಲಿ ಎರಡು ದಿನ ನೀರು ನಿಂತರೆ ಅದು ಬದುಕುವುದು ಕಷ್ಟ. ಹತ್ತು ನಿಮಿಷದಲ್ಲಿ ನೀರು ಮಾಯವಾದರೆ ಕೆಳಗೆ ಕಲ್ಲು, ಇಟ್ಟಿಗೆ ತುಂಬಿದ್ದಾರೆ ಅಂತ ಅರ್ಥ. ಮತ್ತೆ ಅಗೆಯಿರಿ.

ಹಂತ 3: ನೀರಿನ ದಾರಿ

ಮಳೆ ಸುರಿಯುವಾಗ ಕೊಡೆ ಹಿಡಿದು ಹಿತ್ತಲಲ್ಲಿ ಹತ್ತು ನಿಮಿಷ ನಿಲ್ಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಓಡುತ್ತದೆ, ಮೂರೂ ಕಾಣುತ್ತದೆ. ಯಾವ ನಕ್ಷೆಯೂ ಇದಕ್ಕಿಂತ ಚೆನ್ನಾಗಿ ಹೇಳುವುದಿಲ್ಲ.

ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 600 ಚದರಡಿ ತಾರಸಿ ಅಂದರೆ ಸುಮಾರು 56 ಚದರ ಮೀಟರ್. 20 ಮಿಲಿಮೀಟರ್ ಮಳೆಗೆ ಸಾವಿರ ಲೀಟರಿಗಿಂತ ಮೇಲೆ. 200 ಲೀಟರಿನ ಡ್ರಮ್ಮು ಮೊದಲ ಕೆಲವು ನಿಮಿಷದಲ್ಲೇ ತುಂಬುತ್ತದೆ. ಹಾಗಾಗಿ ಡ್ರಮ್ಮಿಗಿಂತ ಮುಖ್ಯ ಪ್ರಶ್ನೆ, ಉಕ್ಕಿದ ನೀರು ಎಲ್ಲಿಗೆ ಹೋಗಬೇಕು ಅನ್ನೋದು. ಅದಕ್ಕೆ ಉತ್ತರ ಮುಂದಿನ ಹಂತದಲ್ಲಿದೆ: ಮಡಿಗಳ ನಡುವಿನ ದಾರಿ.

ತಾರಸಿಯ ಪೈಪಿನಿಂದ ಡ್ರಮ್ಮಿಗೆ, ಡ್ರಮ್ಮಿನ ಕುತ್ತಿಗೆಯಿಂದ ಇನ್ನೊಂದು ಪೈಪು ದಾರಿಗೆ. ಮೊದಲ ಮಳೆಯ ಮೊದಲ ಕಾಲು ಗಂಟೆ ನೀರು ಹೊರಗೆ ಬಿಡಿ, ಅದರಲ್ಲಿ ಬರೀ ಧೂಳು, ಪಾರಿವಾಳದ ಹಿಕ್ಕೆ. ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆ ಬಿಗಿಯಾಗಿ ಕಟ್ಟಿ. ಡೆಂಗಿ ಸೊಳ್ಳೆಗೆ ಬೇಕಾದ್ದು ಇಂಥ ತಿಳಿನೀರೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು.

ಬೇಸಿಗೆಯನ್ನು ಡ್ರಮ್ಮು ನಂಬಿ ಕಳೆಯಲಾಗದು. 100 ಚದರಡಿ ಮಡಿಗೆ ಮಾರ್ಚ್, ಏಪ್ರಿಲಿನಲ್ಲಿ ದಿನಕ್ಕೆ 40 ಲೀಟರ್ ಹತ್ತಿರ ಬೇಕು, ಡ್ರಮ್ಮು ಐದು ದಿನಕ್ಕೆ ಖಾಲಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಅಂತ ಆದೇಶವೇ ಬಂದಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿಗೆ ಅಡುಗೆಮನೆಯಲ್ಲಿ ಒಂದು ಬಕೆಟ್ ಬೇರೆಯೇ ಇಡಿ. ವಾಷಿಂಗ್ ಮೆಷಿನ್ನಿನ ನೀರು ಸೊಪ್ಪಿನ ಮಡಿಗೆ ಬೇಡ. ಡಿಟರ್ಜೆಂಟಿನ ಉಪ್ಪು ಮಣ್ಣಿನಲ್ಲಿ ಸೇರಿಕೊಂಡು, ಒಂದೆರಡು ವರ್ಷದಲ್ಲಿ ಮೇಲ್ಮಣ್ಣು ಹೆಪ್ಪುಗಟ್ಟಿ ನೀರು ಇಂಗುವುದೇ ನಿಲ್ಲುತ್ತದೆ.

ಹಂತ 4: ಅಳತೆ ಹಾಕಿ, ದಾರಿ ತೋಡಿ

ನಮ್ಮ 10 ಅಡಿ ಅಗಲವನ್ನು ಮನೆಗೋಡೆಯಿಂದ ಶುರುಮಾಡಿ ಹೀಗೆ ಹಂಚಿದ್ದೇವೆ:

1. ಗೋಡೆ ಪಕ್ಕ 2 ಅಡಿ ಕಲ್ಲು ಹಾಸು. ಇಲ್ಲಿ ಮಣ್ಣು, ಗಿಡ ಏನೂ ಇಲ್ಲ. ಗೋಡೆಗೆ ಮಣ್ಣು ಒರಗಿಸಿದರೆ ಒಳಗಿನ ಪೈಂಟು ಉಬ್ಬುತ್ತದೆ, ಗೆದ್ದಲು ನೆಟ್ಟಗೆ ಬಾಗಿಲ ಚೌಕಟ್ಟಿಗೆ ಹತ್ತುತ್ತದೆ.
2. ಅದರ ಮುಂದೆ 4 ಅಡಿ ಅಗಲದ ಮಡಿ. ಎರಡೂ ಕಡೆಯಿಂದ ಕೈ ಎಟಕುತ್ತದೆ, ಒಳಗೆ ಕಾಲಿಡುವ ಅಗತ್ಯವಿಲ್ಲ.
3. ಒಂದೂವರೆ ಅಡಿ ದಾರಿ.
4. ಕಾಂಪೌಂಡಿಗೆ ತಾಗಿ ಎರಡೂವರೆ ಅಡಿ ಮಡಿ. ಇದಕ್ಕೆ ಒಂದೇ ಕಡೆಯಿಂದ ಕೈ ಹಾಕಬೇಕು, ಅದಕ್ಕೇ ಅಗಲ ಕಡಿಮೆ. ಗೋಡೆ ಮೇಲೆ ಬಳ್ಳಿಗೆ ಚಪ್ಪರದ ತಂತಿ.

ಎರಡೂ ಮಡಿ ಸೇರಿ ಸುಮಾರು 100 ಚದರಡಿ. ದಾರ ಕಟ್ಟಿ, ಸುಣ್ಣದ ಗೆರೆ ಎಳೆದು, ಒಂದು ವಾರ ಹಾಗೇ ಓಡಾಡಿ ನೋಡಿ. ಬಟ್ಟೆ ಒಣಹಾಕಲು, ಸಂಪಿನ ಮುಚ್ಚಳ ತೆಗೆಯಲು, ಗ್ಯಾಸ್ ಸಿಲಿಂಡರ್ ತರಲು ಜಾಗ ಉಳಿದಿದೆಯಾ? ಚರಂಡಿ ಛೇಂಬರಿನ ಮೇಲೆ ಮಡಿ ಬರುತ್ತಿದೆಯಾ? ಈಗಲೇ ಬದಲಾಯಿಸಿ.

ಈಗ ದಾರಿ. ಅದನ್ನು ಒಂದಡಿ ಆಳ ತೋಡಿ, ಬಂದ ಮಣ್ಣನ್ನು ಎರಡೂ ಬದಿಯ ಮಡಿಗೆ ಎಸೆಯಿರಿ. ಮಡಿ ತಾನಾಗೇ ಎತ್ತರವಾಗುತ್ತದೆ. ತೋಡಿದ ಕಾಲುವೆಗೆ ಕೆಳಗೆ ತೆಂಗಿನ ಸಿಪ್ಪೆ, ಬೆನ್ನು ಕೆಳಗಾಗಿ ಹಾಸಿ. ಅದರ ಮೇಲೆ ಕಡ್ಡಿ, ತೆಂಗಿನ ಗರಿ, ಒಣ ಎಲೆ ಒತ್ತಿ ತುಂಬಿ. ಡ್ರಮ್ಮಿನಿಂದ ಉಕ್ಕಿದ ನೀರಿನ ಪೈಪು ಇಲ್ಲಿಗೆ. 15 ಅಡಿ ಉದ್ದದ ಈ ಕಾಲುವೆಯಲ್ಲಿ ಸುಮಾರು 630 ಲೀಟರಿನಷ್ಟು ಜಾಗವಿದೆ. ಸಿಪ್ಪೆ ತುಂಬಿದ ಮೇಲೂ ಒಂದು ಜೋರು ಮಳೆಯ ಒಳ್ಳೇ ಪಾಲು ಇಲ್ಲಿ ಹಿಡಿಯುತ್ತದೆ, ಎರಡೂ ಬದಿಯ ಬೇರಿಗೆ ಕೆಳಗಿನಿಂದ ತೇವ ಕೊಡುತ್ತದೆ. ನಡೆಯುವಾಗ ಕಾಲಡಿ ಹಾಸಿಗೆ ತುಳಿದ ಹಾಗಿರುತ್ತದೆ. ನಮ್ಮ ಅತ್ತೆ ಮೊದಲ ದಿನ 'ಇದೇನು ತಿಪ್ಪೆ ಮೇಲೆ ನಡೆಸ್ತೀಯಾ' ಅಂದಿದ್ದರು. ಈಗ ಮೊದಲು ಸಿಪ್ಪೆ ಎತ್ತಿಡುವುದು ಅವರೇ.

ಎರಡು ಎಚ್ಚರಿಕೆ. ಕಾಲುವೆ ನಿಮ್ಮ ಪಾಯದಿಂದ ಕನಿಷ್ಠ 5 ಅಡಿ ದೂರ ಇರಲಿ. ಪಕ್ಕದ ಮನೆಯ ಸಂಪು ಅಥವಾ ಬೇಸ್‌ಮೆಂಟ್ ಗೋಡೆಗೆ ತಾಗಿಯೇ ಇದ್ದರೆ ಕಾಲುವೆ ತೋಡುವ ಯೋಚನೆ ಬಿಡಿ.

ತಾರಸಿಯಲ್ಲಿ ಇದೇ ಮಡಿ ಮಾಡೋಣ ಅನ್ನುವವರಿಗೆ ಒಂದು ಮಾತು. ಆರಿಂಚು ದಪ್ಪ ಒದ್ದೆ ಮಣ್ಣು ಚದರ ಮೀಟರಿಗೆ 240 ಕೆಜಿ ಹತ್ತಿರ ತೂಗುತ್ತದೆ. ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಹೊರೆಯ ಲೆಕ್ಕದಲ್ಲಿ ಕಟ್ಟುತ್ತಾರೆ. ಎಂಜಿನಿಯರನ್ನು ಕೇಳದೆ ಮಣ್ಣು ಹರಡಬೇಡಿ. ಹಗುರ ಚೀಲಗಳನ್ನು ತೊಲೆಯ ಮೇಲೆ ಬರುವ ಅಂಚಿಗೆ ಜೋಡಿಸಿಕೊಳ್ಳಿ.

ಹಂತ 5: ಮಣ್ಣನ್ನು ಪದರ ಪದರವಾಗಿ ಕಟ್ಟಿ

ಫೆಬ್ರವರಿ, ಮಾರ್ಚಿನಲ್ಲಿ ಹೊಂಗೆ ಮರ ಎಲೆ ಉದುರಿಸುತ್ತದೆ. ಬೀದಿ ಗುಡಿಸುವ ಅಕ್ಕಂದಿರನ್ನು ಕೇಳಿದರೆ ಎಲೆ ತುಂಬಿದ ಮೂಟೆ ಗೇಟಿನ ಹತ್ತಿರ ಇಟ್ಟುಹೋಗುತ್ತಾರೆ. ಹತ್ತು ಮೂಟೆಯಾದರೂ ಬೇಕು. ಪ್ಲಾಸ್ಟಿಕ್, ಗಾಜು ಆರಿಸಿ. ನೀಲಗಿರಿ ಎಲೆ ಬೇಡ. ಪಾರ್ಥೇನಿಯಂ ಹೂವು ಸೇರಿದ್ದರೆ ಆ ಮೂಟೆಯೇ ಬೇಡ, ಬೀಜ ಮಡಿ ತುಂಬ ಹುಟ್ಟುತ್ತದೆ.

ಕ್ರಮ ಹೀಗೆ. ಮೊದಲು ಹಾರೆಯಿಂದ ಮಡಿಯ ಮಣ್ಣು ಸಡಿಲ ಮಾಡಿ, ಮಗುಚಿ ಹಾಕುವುದು ಬೇಡ. ಗರಿಕೆ ಜಾಸ್ತಿ ಇದ್ದರೆ ಟೇಪು ಕಿತ್ತ ರಟ್ಟು ಒದ್ದೆ ಮಾಡಿ ಒಂದರ ಮೇಲೊಂದು ಆರಿಂಚು ಬರುವ ಹಾಗೆ ಹಾಸಿ. ಕೊನ್ನಾರಿ ಗಡ್ಡೆ ಇದ್ದರೆ ರಟ್ಟು ನಂಬಬೇಡಿ. ಅದು ರಟ್ಟನ್ನು ಸೂಜಿಯಂತೆ ತೂತು ಮಾಡಿ ಬರುತ್ತದೆ, ಗಡ್ಡೆ ಹುಡುಕಿ ಕೀಳಲೇಬೇಕು. ರಟ್ಟಿನ ಮೇಲೆ ಎರಡಿಂಚು ಕೊಟ್ಟಿಗೆ ಗೊಬ್ಬರ. 100 ಚದರಡಿಗೆ ಸುಮಾರು 12 ಮೂಟೆ ಬೇಕಾಗುತ್ತದೆ. ಅದರ ಮೇಲೆ ನಾಲ್ಕಿಂಚು ಎಲೆ, ಮೇಲೆ ಮೂರಿಂಚು ಮಣ್ಣು ಮತ್ತು ಕಾಂಪೋಸ್ಟಿನ ಮಿಶ್ರಣ. ಪ್ರತಿ ಪದರಕ್ಕೂ ನೀರು.

ಗೊಬ್ಬರ ಕೊಳ್ಳುವಾಗ ಮೂಟೆ ಬಿಚ್ಚಿಸಿ ಕೈ ಹಾಕಿ. ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ನೆಲದ ವಾಸನೆ ಇದ್ದರೆ ತನ್ನಿ. ಬಿಸಿ ತಾಗಿದರೆ, ಸಗಣಿ ವಾಸನೆ ಬಂದರೆ ಇನ್ನೂ ಕಳಿತಿಲ್ಲ. ಬೇರು ಸುಡುತ್ತದೆ, ಗೊಣ್ಣೆ ಹುಳವೂ ಜೊತೆಗೇ ಬರುತ್ತದೆ. ನಾನು ಅವಸರಕ್ಕೆ ಒಮ್ಮೆ ಅಂಥ ಗೊಬ್ಬರ ಹಾಕಿಸಿದೆ. ಬಾಡಿದ ಬದನೆ ಗಿಡ ಎಳೆದರೆ ಬೇರೇ ಇರಲಿಲ್ಲ, ಬುಡದಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳು ಸುರುಳಿ ಸುತ್ತಿಕೊಂಡು ಮಲಗಿತ್ತು.

ಇನ್ನೂ ಗಿಡ ತರುವ ಹೊತ್ತಲ್ಲ. ಏಪ್ರಿಲ್ ಕೊನೆ ಅಥವಾ ಮೇ ತಿಂಗಳ ಮೊದಲ ಹದ ಮಳೆ ಬಿದ್ದ ಕೂಡಲೇ ನವಧಾನ್ಯ ಎರಚಿ. ಹೌದು, ಪೂಜೆಗೆ ತರುತ್ತೇವಲ್ಲ, ಅದೇ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಹುರುಳಿ, ಹೆಸರು, ಅಲಸಂದೆ ಇನ್ನೊಂದು ಹಿಡಿ ಸೇರಿಸಿ. 100 ಚದರಡಿಗೆ ಕಾಲು ಕೆಜಿ ಸಾಕು. ರಾತ್ರಿ ನೆನೆಸಿ, ಬೆಳಗ್ಗೆ ಎರಚಿ, ತೆಳ್ಳಗೆ ಮಣ್ಣು ಮುಚ್ಚಿ. ಪಾರಿವಾಳ ಇದ್ದರೆ ನಾಲ್ಕು ದಿನ ಹಳೇ ಸೀರೆ ಹೊದಿಸಿ. ನಲವತ್ತು, ನಲವತ್ತೈದು ದಿನಕ್ಕೆ ಹೂ ಬರುವ ಹೊತ್ತಿಗೆ ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದು ಅಲ್ಲೇ ಹೊದಿಸಿ. ಬೇರು ಕೀಳಬೇಡಿ. ಬೇಳೆಕಾಳಿನ ಬೇರಿನ ಗಂಟುಗಳಲ್ಲಿ ಸಾರಜನಕ ಇರುತ್ತದೆ, ಬೇರು ಕಳಿತ ಜಾಗದಲ್ಲಿ ನೀರು, ಗಾಳಿಗೆ ದಾರಿ ಆಗುತ್ತದೆ.

ಈ ಬೆಳೆಯೇ ನಿಮಗೆ ನಕ್ಷೆ. ಎಲ್ಲಿ ದಟ್ಟವಾಗಿ ಕಡುಹಸಿರು ಬಂತೋ ಅಲ್ಲಿ ಮಣ್ಣು ಚೆನ್ನಾಗಿದೆ. ಎಲ್ಲಿ ಕುಳ್ಳಗೆ ಹಳದಿಯಾಯಿತೋ ಅಲ್ಲಿ ಕೆಳಗೆ ಇನ್ನೂ ಗಾರೆ ಇದೆ.

ಹಂತ 6: ಈಗ ಗಿಡ, ಮೊದಲು ಬಹುಕಾಲದವು

ಜೂನ್ ಮಧ್ಯ. ವರ್ಷಗಟ್ಟಲೆ ಇರುವ ಗಿಡಗಳಿಗೆ ಮೊದಲು ಜಾಗ ಕೊಡಿ. ಉಳಿದ ಸಂದಿಗೆ ಮೂರು ತಿಂಗಳ ತರಕಾರಿ. ಮೊದಲ ವರ್ಷ ಬಹುಕಾಲದ ಗಿಡ 12 ಬಗೆಗಿಂತ ಜಾಸ್ತಿ ಬೇಡ.

ವಾಯವ್ಯ ಮೂಲೆಯಲ್ಲಿ ಒಂದು ನುಗ್ಗೆ. ಮಧ್ಯಾಹ್ನದ ಪಡುವಣ ಬಿಸಿಲಿಗೆ ಅದೇ ಪರದೆ. ಈಶಾನ್ಯದಲ್ಲಿ ಎತ್ತರದ ಗಿಡ ಬೇಡ ಅನ್ನುವ ವಾಸ್ತುವಿನವರು ಮನೆಯಲ್ಲಿದ್ದರೆ ಅವರಿಗೂ ಸಮಾಧಾನ. ನುಗ್ಗೆಯನ್ನು ಮರವಾಗಲು ಬಿಟ್ಟರೆ ಕೆಟ್ಟಿರಿ. ಅದರ ಕೊಂಬೆ ಮೆದು, ಗಾಳಿಗೆ ಮುರಿದು ಪಕ್ಕದವರ ಕಾರಿನ ಮೇಲೆ ಬೀಳುತ್ತದೆ. ಕಾಂಡ ನಾಲ್ಕಡಿಗೆ ಬಂದಾಗ ತುದಿ ಕತ್ತರಿಸಿ, ಮೂರು ತಿಂಗಳಿಗೊಮ್ಮೆ ಚಿಗುರು ಕೊಯ್ಯುತ್ತಿರಿ. ಕಾಯಿ ಕಡಿಮೆಯಾದೀತು, ಸೊಪ್ಪು ವರ್ಷವಿಡೀ. ಮಳೆ ಶುರುವಾದ ಮೇಲೆ ಕಾಂಡದ ಮೇಲೆ ಕಂಬಳಿಹುಳ ಗುಂಪುಗೂಡುತ್ತದೆ. ದಿನಾ ಮುಂಜಾನೆ ಒಮ್ಮೆ ಕಣ್ಣಾಡಿಸಿ.

ಒಂದು ಪಪ್ಪಾಯಿ, ಮಡಿಯ ಎತ್ತರದ ಭಾಗದಲ್ಲಿ. ಅಡುಗೆಮನೆ ಬಾಗಿಲಿಗೆ ಹತ್ತಿರ ಕರಿಬೇವು. ದಿನಾ ಬೇಕಾದ್ದು ಬಾಗಿಲಿಗೆ ಹತ್ತಿರ ಇರಬೇಕು. ಒಗ್ಗರಣೆ ಸಿಡಿಯುವಾಗ ಹದಿನೈದಡಿ ನಡೆದು ಹೋಗುವವರು ಯಾರೂ ಇಲ್ಲ, ಅಲ್ವಾ? ನಡುಎತ್ತರಕ್ಕೆ ಎರಡು ಚಕ್ರಮುನಿ. ಸ್ವಲ್ಪ ನೆರಳಿದ್ದರೂ ಬರುತ್ತದೆ, ಕಡ್ಡಿ ಚುಚ್ಚಿದರೆ ಚಿಗುರುತ್ತದೆ. ಆದರೆ ಬೇಯಿಸಿ ತಿನ್ನಿ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಇದರ ಹಸಿ ರಸ ವಾರಗಟ್ಟಲೆ ಕುಡಿದವರ ಶ್ವಾಸಕೋಶ ಹಾಳಾದದ್ದು ದಾಖಲಾಗಿದೆ. ವಾರಕ್ಕೊಂದು ಸಲ ಪಲ್ಯ, ಸಾರು ಅಂದರೆ ಬೇರೆ ಮಾತು.

ಕಾಂಪೌಂಡಿನ ತಂತಿಗೆ ಬಸಳೆ ಮತ್ತು ತೊಂಡೆ. ಎರಡೂ ಕಡ್ಡಿಯಿಂದಲೇ ಬರುತ್ತವೆ. ಮೂರು ಗಿಣ್ಣಿನ ಬಸಳೆ ಕಡ್ಡಿಯಲ್ಲಿ ಎರಡು ಗಿಣ್ಣು ಮಣ್ಣೊಳಗೆ ಹೋಗಲಿ. ಅವರೆ ನಮ್ಮ ಹಿತ್ತಲಿಗೆ ಆಗಲಿಲ್ಲ. ಅದು ಜುಲೈ, ಆಗಸ್ಟಿನಲ್ಲಿ ಬಿತ್ತಿ ಚಳಿಗಾಲದಲ್ಲಿ ಕಾಯಿ ಬಿಡುವ ಬಳ್ಳಿ, ಆಗ ಹಿತ್ತಲು ನೆರಳು. ಅದಕ್ಕೇ ಅದನ್ನು ದಕ್ಷಿಣದ ಗೇಟಿಗೆ ಹಬ್ಬಿಸಿದೆವು. ಸಂಕ್ರಾಂತಿ ಹೊತ್ತಿಗೆ ಬಂದವರೆಲ್ಲ ಗೇಟು ತೆಗೆಯುವ ಮುಂಚೆ ಒಂದು ಕಾಯಿ ಮುರಿದು ಮೂಸಿ ನೋಡುತ್ತಾರೆ.

ನೆಲಕ್ಕೆ ಒಂದೆಲಗ, ದೊಡ್ಡಪತ್ರೆ. ಪುದೀನ ಮಾತ್ರ ಕುಂಡದಲ್ಲೇ ಇರಲಿ, ಮಡಿಗೆ ಬಿಟ್ಟರೆ ಇಡೀ ಮಡಿ ಅದರದೇ. ನೆರಳಿನ ಮೂಲೆಯಲ್ಲಿ ಅರಿಶಿನ, ಶುಂಠಿ, ಕೆಸು. ಸಿಹಿಗೆಣಸು ಒಳ್ಳೇ ಹೊದಿಕೆ ಬಳ್ಳಿ, ಆದರೆ ಹೆಗ್ಗಣ ಇರುವ ಬೀದಿಯಲ್ಲಿ ನೆಟ್ಟರೆ ಅದಕ್ಕೆ ಊಟಕ್ಕೆ ಕರೆದ ಹಾಗೆ.

ಹಂತ 7: ಸಂದಿಗಳಿಗೆ ತರಕಾರಿ

ಸೊಪ್ಪನ್ನು ಒಂದೇ ದಿನ ಪೂರ್ತಿ ಬಿತ್ತಬೇಡಿ. ಎರಡಡಿ ಅಗಲದ ಪಟ್ಟಿಗೆ ಇವತ್ತು ಹರಿವೆ, ಹದಿನೈದು ದಿನ ಬಿಟ್ಟು ಪಕ್ಕದ ಪಟ್ಟಿಗೆ ಮೆಂತ್ಯ, ಇನ್ನು ಹದಿನೈದು ದಿನಕ್ಕೆ ದಂಟು. ಬೀಜ ಸಣ್ಣದಿದ್ದರೆ ಮರಳಿನ ಜೊತೆ ಬೆರೆಸಿ ಎರಚಿ. ಹರಿವೆ ಕೀಳುವ ಬದಲು ನಾಲ್ಕಿಂಚು ಬಿಟ್ಟು ಕೊಯ್ದರೆ ಎರಡು, ಮೂರು ಸಲ ಚಿಗುರುತ್ತದೆ. ಕೊತ್ತಂಬರಿ ಬೀಜ ಎರಡು ಹೋಳಾಗುವಂತೆ ಉಜ್ಜಿ ಬಿತ್ತಿ.

ಕಾಯಿ ಗಿಡಗಳಲ್ಲಿ ನಾಲ್ಕು ಬದನೆ, ನಾಲ್ಕು ಮೆಣಸಿನಕಾಯಿ, ಹತ್ತು ಬೆಂಡೆ ನಾಲ್ಕು ಜನರ ಮನೆಗೆ ಧಾರಾಳ. ನಡುವೆ ಚೆಂಡು ಹೂವು, ತುಳಸಿ. ಉತ್ತರದ ಹಿತ್ತಲಿನವರು ಕಾಯಿ ಗಿಡವನ್ನು ಮಾರ್ಚಿನಿಂದ ಸೆಪ್ಟೆಂಬರಿನೊಳಗೆ ಮುಗಿಸಿ, ಚಳಿಗಾಲಕ್ಕೆ ಸೊಪ್ಪಿಗೆ ಇಳಿಯಿರಿ. ಬದನೆ ಎದ್ದ ಜಾಗಕ್ಕೆ ಮತ್ತೆ ಟೊಮೆಟೊ, ಮೆಣಸಿನಕಾಯಿ ಬೇಡ. ಮೂರೂ ಒಂದೇ ಮನೆತನ, ರೋಗವೂ ಒಂದೇ. ಅಲ್ಲಿಗೆ ಅಲಸಂದೆ ಹಾಕಿ.

ನೆಲ ಬರಿದಾಗಿ ಕಾಣಬಾರದು. ಯಾವಾಗಲೂ ಎರಡು ಮೂರಿಂಚು ಎಲೆಯ ಹೊದಿಕೆ, ಗಿಡದ ಕಾಂಡದಿಂದ ಮೂರು ಬೆರಳು ದೂರ. ಕಾಂಡಕ್ಕೆ ತಾಗಿಸಿದರೆ ಮಳೆಗಾಲದಲ್ಲಿ ಬುಡ ಕೊಳೆಯುತ್ತದೆ.

ಹಂತ 8: ಕಾಂಪೋಸ್ಟ್ ಮತ್ತು ಜೀವಾಮೃತ

ಎರಡು ಡಬ್ಬ. ಒಂದು ತುಂಬುವಾಗ ಇನ್ನೊಂದು ಮಾಗಲಿ. ತಳಕ್ಕೆ ತಂತಿ ಜಾಲರಿ. ಒಂದು ಬಟ್ಟಲು ಅಡುಗೆಮನೆ ಸಿಪ್ಪೆಗೆ ಎರಡು ಬಟ್ಟಲು ಒಣ ಎಲೆ. ಅನ್ನ, ಎಣ್ಣೆ ಪದಾರ್ಥ ಹಾಕಿದರೆ ಇಲಿ ಬರುತ್ತದೆ. ಕೊಳೆತ ಮೊಟ್ಟೆ ವಾಸನೆ ಬಂದರೆ ನೀರು ಜಾಸ್ತಿಯಾಗಿದೆ, ಎಲೆ ಹಾಕಿ ಕೆದಕಿ. ಮೂಗಿಗೆ ಚುರುಗುಟ್ಟುವ ವಾಸನೆ ಇದ್ದರೂ ಎಲೆಯೇ ಮದ್ದು. ಬೂದು ಬಣ್ಣದ ದಪ್ಪ ಹುಳ ಕಂಡರೆ ಹೆದರಬೇಡಿ, ಅವು ಕಸ ತಿನ್ನುವ ಕೆಲಸದವರು.

ಜೀವಾಮೃತ ಅನ್ನುವ ದ್ರವಗೊಬ್ಬರ, ಹತ್ತು ಲೀಟರ್ ನೀರಿಗೆ: ಅರ್ಧ ಕೆಜಿ ನಾಟಿ ಹಸುವಿನ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿ ಗೋಣಿ ಹೊದಿಸಿಟ್ಟು ದಿನಕ್ಕೆರಡು ಸಲ ತಿರುಗಿಸಿ. ಎರಡು ದಿನಕ್ಕೆ ತಯಾರು, ವಾರದೊಳಗೆ ಮುಗಿಸಿ. ಒದ್ದೆ ನೆಲಕ್ಕೆ, ಸಂಜೆ ಹೊತ್ತು.

ಹಂತ 9: ಹುಳ, ಹೇನು, ಶಂಖದ ಹುಳ

ಇರುವೆ ಸಾಲಾಗಿ ಗಿಡ ಹತ್ತುತ್ತಿದ್ದರೆ ಎಲೆ ಮಗುಚಿ ನೋಡಿ. ಕೆಳಗೆ ಹೇನು ಅಥವಾ ಹಿಟ್ಟು ತಿಗಣೆ ಇರುತ್ತದೆ. ಮೊದಲು ಪೈಪಿನ ನೀರಿನಿಂದ ಜೋರಾಗಿ ತೊಳೆಯಿರಿ, ಮೂರು ದಿನ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪಿನ ನೀರು, ಸಂಜೆ ಸಿಂಪಡಣೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಗುಲಗಂಜಿ ಹುಳ ಕಂಡರೆ ಎಣ್ಣೆ ಹೊಡೆಯಬೇಡಿ, ಅದು ದಿನಕ್ಕೆ ಹತ್ತಾರು ಹೇನು ತಿನ್ನುತ್ತದೆ.

ಮಳೆಗಾಲದ ದೊಡ್ಡ ತಲೆನೋವು ಆಫ್ರಿಕಾದ ದೈತ್ಯ ಶಂಖದ ಹುಳ. ಒಂದೇ ರಾತ್ರಿ ಸಸಿ ಸಾಲು ಖಾಲಿ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟು, ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ಹೋಗಿ ಆರಿಸಿ. ಬರಿಗೈಲಿ ಮುಟ್ಟಬೇಡಿ, ಅದರಲ್ಲಿ ಮನುಷ್ಯರಿಗೂ ರೋಗ ತರುವ ಹುಳು ಇರಬಹುದು. ಬಕೆಟಿನ ಉಪ್ಪುನೀರಿಗೆ ಹಾಕಿ. ಉಪ್ಪನ್ನು ಮಡಿಯ ಮೇಲೆ ಎರಚಿದರೆ ಶಂಖದ ಹುಳದ ಜೊತೆ ಗಿಡವೂ ಹೋಗುತ್ತದೆ.

ಗಿಡ ಕೊಡುವ ಸೂಚನೆ

ಹಳೇ ಎಲೆ ಮೊದಲು ಹಳದಿಯಾದರೆ ಸಾರಜನಕ ಕಡಿಮೆ, ಕಾಂಪೋಸ್ಟ್ ಹಾಕಿ. ಹೊಸ ಎಲೆ ಹಳದಿಯಾಗಿ ನರ ಹಸಿರಿದ್ದರೆ ಹಂತ 2ಕ್ಕೆ ಹಿಂದೆ ಹೋಗಿ, ಗಾರೆ ಉಳಿದಿದೆ. ಮಧ್ಯಾಹ್ನ ಬಾಡಿ ಸಂಜೆ ಎದ್ದುಕೊಂಡರೆ ಸಹಜ. ಬೆಳಗ್ಗೆಯೇ ಬಾಡಿದ್ದರೆ ಬೆರಳು ಎರಡು ಗಿಣ್ಣು ಮಣ್ಣಿಗೆ ಚುಚ್ಚಿ: ಒಣಗಿದ್ದರೆ ನೀರು, ಒದ್ದೆಯಿದ್ದರೆ ಬೇರಿಗೆ ಪೆಟ್ಟು ಬಿದ್ದಿದೆ, ನೀರು ನಿಲ್ಲಿಸಿ. ಬರೀ ಎಲೆ ಬಂದು ಹೂ ಇಲ್ಲದಿದ್ದರೆ ಬಿಸಿಲು ಸಾಲದು ಇಲ್ಲವೇ ಹಿಂಡಿ ಜಾಸ್ತಿ.

ಮುಂದಿನ ಏಪ್ರಿಲಿನಲ್ಲಿ ದಾರಿ ಬಗೆಯಿರಿ. ಎಲೆ, ಕಡ್ಡಿ ಕಪ್ಪು ಗೊಬ್ಬರವಾಗಿರುತ್ತದೆ, ಸಿಪ್ಪೆ ಇನ್ನೂ ಗಟ್ಟಿ ಇರುತ್ತದೆ. ಗೊಬ್ಬರ ಜರಡಿ ಹಿಡಿದು ಮಡಿಗೆ, ಸಿಪ್ಪೆ ವಾಪಸ್ ಕಾಲುವೆಗೆ, ಮೇಲೆ ಆ ವರ್ಷದ ಹೊಂಗೆ ಎಲೆ. ಮಳೆಗೆ ಮುಂಚೆ ಮುಗಿಸಿಬಿಡಿ, ಒದ್ದೆಯಾದ ಮೇಲೆ ಒಂದೊಂದು ಬಾಂಡ್ಲಿಯೂ ಎರಡರಷ್ಟು ಭಾರ.